ನೋಟವೂ ಬೇಟವೂ

ಪಂಚೇಂದ್ರಿಯಗಳಲ್ಲಿ ಕಣ್ಣಿನಷ್ಟು ದೂರ ಹೋಗಬಲ್ಲ ಇಂದ್ರಿಯ ಮತ್ತೊಂದಿಲ್ಲ. ನಾಲಗೆಗೆ ರುಚಿ ತಿಳಿಯಬೇಕಾದರೆ ಪದಾರ್ಥವು ಬಾಯಿಗೆ ಬರಬೇಕು; ಚರ್ಮಕ್ಕೆ ಸ್ಪರ್ಶ ತಿಳಿಯಬೇಕಾದರೆ ವಸ್ತುವು ಮೈಗೆ ತಾಗಬೇಕು. ಕಣ್ಣಾದರೋ ಮುಗಿಲಿನ ಚುಕ್ಕೆಯನ್ನು ಇದ್ದಲ್ಲಿಂದಲೇ ಮುಟ್ಟಿ ಬರುತ್ತದೆ. ತನ್ನದಲ್ಲದುದನ್ನು ಕಾಸಿನ ವೆಚ್ಚವಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ಅನುಭವಿಸುವ ಸಾಮರ್ಥ್ಯ ಅದಕ್ಕೆ ಉಂಟು. ಆದುದರಿಂದಲೇ ಗೃಹಸ್ಥನಾದ ಭಕ್ತನ ಮುಂದೆ ಒಂದು ಪ್ರಶ್ನೆ ಏಳುತ್ತದೆ. ಕೊಳ್ಳಲಾಗದ, ಕೊಳ್ಳಬೇಕಾದ ಅಗತ್ಯವೂ ಇಲ್ಲದ ಸಿರಿಯನ್ನು ನಿಂತು ನೋಡಿ ಸಂತೋಷಪಡುವುದು ದೋಷವೆ? ನೋಡಿದ ಮಾತ್ರಕ್ಕೆ ಮನಸ್ಸು ಮಲಿನವಾಗುವುದೆ? ಅಥವಾ ನೋಟಕ್ಕೆ ಯಾವ ದೋಷವೂ ಇಲ್ಲವೆಂದು ಹೇಳಿ ಸುಮ್ಮನಿರಬಹುದೆ?

ಪ್ರಶ್ನೆ ಹಳೆಯದು. ನನಗಾದರೋ ಅದು ಗ್ರಂಥದಿಂದ ಬರಲಿಲ್ಲ. ಪರದೇಶದ ಒಂದು ಬೀದಿಯಲ್ಲಿ ಎದುರಾಯಿತು. ಅಲ್ಲಿ ಕಂಡುದನ್ನು ಮೊದಲು ಹೇಳಿ, ಆ ಬಳಿಕ ಶರಣರ ಮಾತಿನ ಬೆಳಕಿನಲ್ಲಿ ಅದನ್ನು ವಿಚಾರಿಸುವುದು ಯುಕ್ತವೆಂದು ಭಾವಿಸುತ್ತೇನೆ.

೨೦೨೩ನೆಯ ಇಸವಿಯ ಡಿಸೆಂಬರಿನಲ್ಲಿ ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿದ್ದೆನು. ಕ್ರಿಸ್‌ಮಸ್ ಹಬ್ಬದ ದಿನಗಳಲ್ಲಿ ನ್ಯೂಯಾರ್ಕ್ ನಗರದ ಐದನೆಯ ಅವೆನ್ಯೂ ಎಂಬ ರಾಜಬೀದಿಯ ದೊಡ್ಡ ಅಂಗಡಿಗಳು ತಮ್ಮ ಗಾಜಿನ ಕಿಟಕಿಗಳನ್ನು ಸಿಂಗರಿಸುವ ಪದ್ಧತಿಯುಂಟು. ನವೆಂಬರಿನ ಕಡೆಯ ವಾರಗಳಿಂದ ಹೊಸ ವರ್ಷದ ಮೊದಲ ದಿನಗಳವರೆಗೆ ಈ ಸಿಂಗಾರ ಇರುತ್ತದೆ. ಜನರು ಮಕ್ಕಳುಮರಿಗಳನ್ನು ಕರೆದುಕೊಂಡು, ಏನನ್ನೂ ಕೊಳ್ಳುವ ಉದ್ದೇಶವಿಲ್ಲದೆ, ನೋಡುವುದಕ್ಕೆಂದೇ ಬರುತ್ತಾರೆ. ನೋಡುಗರ ದಟ್ಟಣೆ ಎಷ್ಟೆಂದರೆ, ೨೦೨೨ರ ಡಿಸೆಂಬರಿನ ಕೆಲವು ಭಾನುವಾರಗಳಂದು ನಗರಾಡಳಿತವು ಆ ಬೀದಿಯ ಒಂದು ಭಾಗದಲ್ಲಿ ವಾಹನ ಸಂಚಾರವನ್ನೇ ನಿಲ್ಲಿಸಿ ನಡೆಯುವವರಿಗೆ ದಾರಿ ಬಿಟ್ಟುಕೊಟ್ಟಿತು.

ಮಗಳು, ಅಳಿಯ, ಏಳು ವರ್ಷದ ಮೊಮ್ಮಗಳು ಮತ್ತು ನಾನು ಒಂದು ಸಂಜೆ ಅಲ್ಲಿಗೆ ಹೋದೆವು. ೪೯ ಮತ್ತು ೫೦ನೆಯ ಅಡ್ಡಬೀದಿಗಳ ನಡುವೆ ಸ್ಯಾಕ್ಸ್ ಎಂಬ ಅಂಗಡಿಯ ಹತ್ತು ಮಹಡಿಯ ಕಟ್ಟಡವಿದೆ. ಅದು ಅಲ್ಲಿ ನಿಂತುದು ೧೯೨೪ರಲ್ಲಿ. ಆ ವರ್ಷ ಫ್ರಾನ್ಸ್ ದೇಶದ ಡಿಯೋರ್ ಎಂಬ ಸುಪ್ರಸಿದ್ಧ ಉಡುಪಿನ ಸಂಸ್ಥೆಯ ಹೆಸರಿನಲ್ಲಿ ಅದರ ಇಡೀ ಮುಂಗೋಡೆಯ ಮೇಲೆ ದೀಪಗಳ ತಿರುಗುಗಾಲಿಯೊಂದು ಸಂಗೀತಕ್ಕೆ ತಕ್ಕಂತೆ ಬೆಳಗುತ್ತಿತ್ತು. ಅಂಗಡಿಯ ಎದುರಿಗೆ ರಾಕ್‌ಫೆಲ್ಲರ್ ಸೆಂಟರಿನ ಅಂಗಳದಲ್ಲಿ ದೀಪ ತೊಟ್ಟ ದೊಡ್ಡ ಮರ. ಪಕ್ಕದ ಅಡ್ಡಬೀದಿಯಾಚೆ ಸಂತ ಪ್ಯಾಟ್ರಿಕರ ಮಹಾದೇವಾಲಯ. ದೇವರ ಮನೆಯೂ ಧನದ ಮನೆಯೂ ಒಂದು ಬೀದಿಯ ಅಂತರದಲ್ಲಿ ನಿಂತಿವೆ. ಜನಸಂದಣಿಯು ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ.

ನಾವು ಬೀದಿಯುದ್ದಕ್ಕೂ ನಡೆದೆವು. ಒಂದು ಗಾಜಿನ ಹಿಂದೆ ಅರಳೆಯ ಹಿಮ ಬಿದ್ದ ಕಾಡು, ಅದರೊಳಗೆ ತಲೆಯಾಡಿಸುವ ಜಿಂಕೆ. ಇನ್ನೊಂದರ ಹಿಂದೆ ಮಣಿ ಕೋದ ನಿಲುವಂಗಿ ತೊಟ್ಟ ಗೊಂಬೆ, ಸುತ್ತಲೂ ಕನ್ನಡಿಗಳು. ಮತ್ತೊಂದು ಅಂಗಡಿಯ ಕಿಟಕಿಯಲ್ಲಿ ಒಂದು ಊಟದ ಮನೆಯನ್ನೇ ನಿರ್ಮಿಸಿದ್ದರು. ಬೆಳ್ಳಿಯ ಬಟ್ಟಲು, ಸ್ಫಟಿಕದ ಲೋಟ, ಮೇಜಿನ ಸುತ್ತಲೂ ರೇಷ್ಮೆಯುಟ್ಟ ಗೊಂಬೆಗಳು. ಎಲ್ಲಿಯೂ ಬೆಲೆಯ ಚೀಟಿ ಕಾಣಲಿಲ್ಲ. ಕುಶಲಿಗಳ ಕೈಕೆಲಸ ಅದ್ಭುತವಾದುದೆಂದು ಒಪ್ಪಲೇಬೇಕು. ಮೊಮ್ಮಗಳು ಗಾಜಿಗೆ ಮೂಗನ್ನೊತ್ತಿ ನಿಂತಳು. ನನಗೂ ಸಂತೋಷವಾಯಿತು, ಅದನ್ನು ಮರೆಮಾಚುವುದಿಲ್ಲ.

ಆದರೆ ಸ್ವಲ್ಪ ಮುಂದೆ ಹೋದಾಗ ಒಂದು ಕಿಟಕಿಯಲ್ಲಿ ಬೂದುಬಣ್ಣದ ಉಣ್ಣೆಯ ಶಾಲನ್ನು ಹೊದಿಸಿದ ಮುದುಕನ ಗೊಂಬೆಯಿತ್ತು. ಅಲ್ಲಿ ನಾನು ನಿಂತೆನು. ಅಳಿಯನು ಪ್ರೀತಿಯಿಂದ ತಂದುಕೊಟ್ಟ ಬೆಚ್ಚನೆಯ ಕೋಟು ನನ್ನ ಮೈಮೇಲೆಯೇ ಇತ್ತು. ಆ ಕ್ಷಣದವರೆಗೆ ಅದರಲ್ಲಿ ಯಾವ ಕೊರತೆಯೂ ನನಗೆ ತೋರಿರಲಿಲ್ಲ. ಶಾಲನ್ನು ನೋಡಿದ ಬಳಿಕ ಕೋಟಿನ ತೋಳು ಉದ್ದವೆನಿಸಿತು, ಬಣ್ಣ ಒರಟೆನಿಸಿತು. ಎಪ್ಪತ್ತರ ವಯಸ್ಸಿನಲ್ಲಿ, ಕೊರಳಲ್ಲಿ ಲಿಂಗವನ್ನು ಧರಿಸಿದ ನಾನು, ಒಂದು ಗೊಂಬೆಯನ್ನು ಕಂಡು ಕರುಬಿದೆನು.

ಹಿಂದಿರುಗುವಾಗ ರೈಲಿನಲ್ಲಿ ಮೊಮ್ಮಗಳು ಬಹಳ ಹೊತ್ತು ಮೌನವಾಗಿದ್ದು, ಕಡೆಗೆ ಕೇಳಿದಳು: “ಅಜ್ಜಾ, ನಮ್ಮ ಮನಿ ಯಾಕ ಹಂಗ ಇಲ್ಲ?”

ಹಿಂದಿನ ದಿನವಷ್ಟೆ ಅದೇ ಮನೆಯಲ್ಲಿ ಕಾಗದದ ಚುಕ್ಕೆಗಳನ್ನು ಕತ್ತರಿಸಿ ಕಿಟಕಿಗೆ ಅಂಟಿಸಿ ಕುಣಿದಾಡಿದ ಮಗು ಅದು. ನನಗೆ ಉತ್ತರ ತೋಚಲಿಲ್ಲ. ಶಾಲಿನ ಆಸೆಯಿಂದ ನನ್ನ ಬಾಯಿಯೇ ಕಟ್ಟಿಹೋಗಿತ್ತು. ಮಗಳು ಅವಳ ತಲೆ ಸವರಿ, “ಆ ಮನ್ಯಾಗ ಯಾರೂ ಉಣ್ಣೂದಿಲ್ಲವ್ವಾ, ಬರೇ ಗೊಂಬಿ ಕುಂತಾವು” ಎಂದಳು. ಮಗುವಿಗೆ ಎಷ್ಟು ತಿಳಿಯಿತೋ ಕಾಣೆ. ಆ ಮಾತು ನನ್ನಲ್ಲಿ ನಾಟಿತು.

ಈ ಕಿಟಕಿಗಳು ಹೇಗೆ ಹುಟ್ಟಿದುವೆಂಬುದನ್ನು ತಿಳಿದರೆ ನಮ್ಮ ಪ್ರಶ್ನೆಯ ಗಂಟು ಅರ್ಧ ಸಡಿಲವಾಗುವುದು. ಅಗಲವಾದ, ದೋಷವಿಲ್ಲದ ಗಾಜಿನ ಹಲಗೆಗಳನ್ನು ಹೇರಳವಾಗಿ ಮಾಡುವ ವಿದ್ಯೆ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆಯಿತು. ಅಲ್ಲಿಂದ ಅಂಗಡಿಯ ಗೋಡೆಯೇ ಗಾಜಾಯಿತು. ನ್ಯೂಯಾರ್ಕಿನ ಮೇಸಿ ಎಂಬ ಅಂಗಡಿಯು ೧೮೭೪ರ ಕ್ರಿಸ್‌ಮಸ್ ಕಾಲದಲ್ಲಿ ದೇಶದೇಶಗಳ ಪಿಂಗಾಣಿಯ ಗೊಂಬೆಗಳನ್ನೂ, ಗುಲಾಮರ ಸಂಕಟವನ್ನು ಕುರಿತ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯ ದೃಶ್ಯಗಳನ್ನೂ ತನ್ನ ಕಿಟಕಿಯಲ್ಲಿ ಜೋಡಿಸಿತು. ಹಬ್ಬದ ಕಿಟಕಿಗಳ ಸಂಪ್ರದಾಯಕ್ಕೆ ಅದೇ ಮೊದಲೆಂದು ಹೇಳುತ್ತಾರೆ. ಲಂಡನ್ ನಗರದಲ್ಲಿ ಸೆಲ್ಫ್‌ರಿಜ್ ಎಂಬ ವ್ಯಾಪಾರಿಯು ೧೯೦೯ರಲ್ಲಿ ತನ್ನ ದೊಡ್ಡ ಅಂಗಡಿಯನ್ನು ತೆರೆದಾಗ, ಬಾಗಿಲು ಮುಚ್ಚಿದ ಬಳಿಕವೂ ಕಿಟಕಿಗಳ ದೀಪ ರಾತ್ರಿ ಉರಿಯುತ್ತಿರಲೆಂದು ಏರ್ಪಡಿಸಿದನು. ಅಂಗಡಿಯವನು ಮಲಗಿದರೂ ಅಂಗಡಿಯ ಕರೆ ಮಲಗಬಾರದೆಂಬುದು ಇದರ ಅಭಿಪ್ರಾಯ.

ಈ ಕಲೆಗೆ ಶಾಸ್ತ್ರವನ್ನು ಬರೆದವನೊಬ್ಬನುಂಟು. ಅವನ ಹೆಸರು ಫ್ರಾಂಕ್ ಬಾಮ್. ೧೮೯೭ರಲ್ಲಿ ಅವನು ಷಿಕಾಗೋ ನಗರದಿಂದ ಅಂಗಡಿಯ ಕಿಟಕಿಗಳನ್ನು ಸಿಂಗರಿಸುವ ವಿದ್ಯೆಗೆಂದೇ ಒಂದು ಮಾಸಪತ್ರಿಕೆಯನ್ನು ಹೊರಡಿಸಿದನು. ೧೯೦೦ರಲ್ಲಿ ಅದೇ ವಿಷಯದ ಮೇಲೆ ಒಂದು ಗ್ರಂಥವನ್ನು ಪ್ರಕಟಿಸಿದನು. ನೋಡುವವನ ಮನಸ್ಸಿನಲ್ಲಿ ವಸ್ತುವನ್ನು ತನ್ನದಾಗಿಸಿಕೊಳ್ಳುವ ಹಂಬಲವನ್ನು ಹುಟ್ಟಿಸುವುದೇ ಈ ಕಲೆಯ ಗುರಿಯೆಂಬುದು ಅವನ ಬೋಧೆಯ ಸಾರ. ವಿಶೇಷವೇನೆಂದರೆ, ಅದೇ ೧೯೦೦ರಲ್ಲಿ ಅವನು ಮಕ್ಕಳಿಗಾಗಿ ಓಜ್ ಎಂಬ ಮಾಯಾದೇಶದ ಕಥೆಯನ್ನೂ ಬರೆದನು. ಅವನು ಜಗತ್ಪ್ರಸಿದ್ಧನಾದುದು ಅದರಿಂದಲೇ. ಆ ಕಥೆಯಲ್ಲಿ ಪಚ್ಚೆಯ ನಗರವೊಂದು ಬರುತ್ತದೆ. ನಗರವನ್ನು ಹೊಗುವ ಪ್ರತಿಯೊಬ್ಬನ ಕಣ್ಣಿಗೂ ಬಾಗಿಲ ಕಾವಲುಗಾರನು ಹಸಿರು ಕನ್ನಡಕವನ್ನು ತೊಡಿಸಿ ಬೀಗ ಹಾಕುತ್ತಾನೆ. ಕನ್ನಡಕದ ದೆಸೆಯಿಂದ ಅಲ್ಲಿ ಎಲ್ಲವೂ ಪಚ್ಚೆಯಾಗಿ ಕಾಣುತ್ತದೆ. ಗಾಜಿನ ಮೂಲಕ ಆಸೆಯನ್ನು ಹುಟ್ಟಿಸುವ ಶಾಸ್ತ್ರವನ್ನು ದೊಡ್ಡವರಿಗೂ, ಗಾಜು ಮಾಡುವ ಮೋಸದ ಕಥೆಯನ್ನು ಮಕ್ಕಳಿಗೂ ಒಬ್ಬನೇ ಮನುಷ್ಯನು ಒಂದೇ ವರ್ಷದಲ್ಲಿ ಬರೆದನೆಂಬುದು ಚಿಂತನೀಯವಾದ ಸಂಗತಿ.

ಆದರೆ ಇತಿಹಾಸದಲ್ಲಿ ಇನ್ನೊಂದು ಬಗೆಯ ಕಿಟಕಿಯೂ ಇದೆ. ಐದನೆಯ ಅವೆನ್ಯೂವಿನಲ್ಲಿಯೇ ಲಾರ್ಡ್ ಅಂಡ್ ಟೇಲರ್ ಎಂಬ ಅಂಗಡಿಯು ೧೯೩೮ರ ಕ್ರಿಸ್‌ಮಸ್‌ಗೆ ತನ್ನ ಕಿಟಕಿಗಳಿಂದ ಮಾರುವ ಸರಕನ್ನು ತೆಗೆಸಿಹಾಕಿತು. ಅದರ ಬದಲಿಗೆ ಹೊನ್ನಬಣ್ಣದ ದೊಡ್ಡ ಗಂಟೆಗಳನ್ನು ತೂಗುಹಾಕಿ, ಧ್ವನಿಮುದ್ರಿತವಾದ ನಾದಕ್ಕೆ ಹೊಂದಿ ತೂಗುವಂತೆ ಮಾಡಿತು. ದಾರಿಹೋಕರು ನಿಂತು ನೋಡಿ, ಕೇಳಿ, ಹೋದರು. ಅಲ್ಲಿ ಕೊಳ್ಳತಕ್ಕುದು ಏನೂ ಇರಲಿಲ್ಲ. ಗಂಟೆ ನೋಡಲು ನಿಂತವರಲ್ಲಿ ಕೆಲವರು ಒಳಗೆ ಬಂದರೆ ವ್ಯಾಪಾರಿಗೆ ಲಾಭವೇ ಎಂಬುದು ನಿಜ. ಆದರೂ ನಿಂತವನ ಅನುಭವ ಬೇರೆಯಾಯಿತು: ಅವನ ಕಣ್ಣು ತುಂಬಿತು, ಕೈ ಚಾಚಲಿಲ್ಲ. ಆ ಅಂಗಡಿಯ ಅಲ್ಲಿಯ ಕಟ್ಟಡ ೨೦೧೯ರ ಜನವರಿಯಲ್ಲಿ ಬಾಗಿಲು ಮುಚ್ಚಿತು.

ಹೀಗೆ ಒಂದೇ ಬೀದಿಯಲ್ಲಿ, ಒಂದೇ ಬಗೆಯ ಗಾಜಿನ ಹಿಂದೆ, ಎರಡು ಬಗೆಯ ನೋಟಗಳಿಗೆ ಅವಕಾಶವಿರುವುದನ್ನು ಕಂಡೆವು. ಒಂದು ನೋಟ ಕಂಡು ತಣಿಯುತ್ತದೆ. ಇನ್ನೊಂದು ಕಂಡು ಹಸಿಯುತ್ತದೆ. ಮೊದಲನೆಯದನ್ನು ನೋಟವೆಂದೂ ಎರಡನೆಯದನ್ನು ಬೇಟವೆಂದೂ ಕರೆಯೋಣ. ಇವೆರಡರ ನಡುವಣ ಗೆರೆ ಎಲ್ಲಿದೆ? ಗಾಜಿನಲ್ಲಿಲ್ಲ, ಸರಕಿನಲ್ಲಿಯೂ ಇಲ್ಲ. ಮಾಯೆಯನ್ನು ಹೊರಗಣ ವಸ್ತುವಿನ ಮೇಲೆ ಹೊರಿಸದೆ, ನಮ್ಮ ಮನಸ್ಸು ಮುಂದೊಡ್ಡುವ ಆಸೆಯಲ್ಲಿಯೇ ಅದರ ನೆಲೆಯನ್ನು ತೋರಿಸಿಕೊಟ್ಟವರು ಅಲ್ಲಮಪ್ರಭುದೇವರು. ಶಾಲು ನನ್ನನ್ನು ಕರೆಯಲಿಲ್ಲ, ಅದಕ್ಕೆ ಬಾಯಿಯಿಲ್ಲ. ಅದನ್ನು ಅಲ್ಲಿ ಇಟ್ಟವನು ಕರೆಯಲೆಂದೇ ಇಟ್ಟನೆಂಬುದು ದಿಟ. ಆದರೆ ಓಗೊಟ್ಟವನು ನಾನು. ಇಟ್ಟವನ ಹೊಣೆ ಅವನಿಗಿರಲಿ. ಓಗೊಟ್ಟವನ ಹೊಣೆಯನ್ನು ಅವನ ಮೇಲೆ ಹಾಕುವಂತಿಲ್ಲ.

ಶರಣರು ಚೆಲುವಿನ ವೈರಿಗಳೆಂದೂ, ಸಂಪತ್ತನ್ನು ಕಂಡರೆ ಕಣ್ಣು ಮುಚ್ಚುವವರೆಂದೂ ಕೆಲವರು ತಿಳಿಯುವುದುಂಟು. ಇದು ಸರಿಯಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದವರು. ರಾಜ್ಯದ ಹೊನ್ನು ದಿನವೂ ಅವರ ಕಣ್ಣ ಮುಂದೆ ಹಾದುಹೋಗುತ್ತಿತ್ತು. ಕಿನ್ನರಿ ಬೊಮ್ಮಯ್ಯನವರು ಅಕ್ಕಸಾಲೆಯ ಕಾಯಕದವರೆಂಬುದು ಪರಂಪರೆಯ ಮಾತು. ಜೇಡರ ದಾಸಿಮಯ್ಯನವರು ನೆಯ್ದವರು. ಚಿನ್ನವನ್ನು ತಿದ್ದುವವನೂ ಬಟ್ಟೆಯನ್ನು ನೆಯ್ಯುವವನೂ ಚೆಲುವನ್ನು ಅರಿಯದಿರಲು ಸಾಧ್ಯವೆ? ಅವರು ಕಣ್ಣು ತೆರೆದೇ ಇದ್ದರು. ತೆರೆದ ಕಣ್ಣಿನಿಂದ ಒಳಬಂದುದು ಆಸೆಯಾಗಿ ಮೊಳೆಯದಂತೆ ಕಾಯುವ ವಿದ್ಯೆ ಅವರಿಗೆ ಸಿದ್ಧಿಸಿತ್ತು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಕಂಡು ಹಿಗ್ಗಲಿಲ್ಲ. ಈ ಹೆಚ್ಚಳವು ಆಸೆಯ ಗುರುತಾಗಬಾರದೆಂದು ತಿಳಿಹೇಳಿ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿಸಿದರು. ಈ ಪ್ರಸಂಗದಲ್ಲಿ ನಾವು ಗಮನಿಸತಕ್ಕುದೊಂದಿದೆ. ಆ ಅಕ್ಕಿ ಕದ್ದುದಲ್ಲ, ಕೆಟ್ಟುದಲ್ಲ. ನೆಲದ ಮೇಲೆ ಕಣ್ಣಿಗೆ ಬಿದ್ದುದು. ಕಣ್ಣಿಗೆ ಬಿದ್ದಿತೆಂಬ ಒಂದೇ ಕಾರಣದಿಂದ ಕೈ ಅದನ್ನು ಬಾಚಿತು. ಲಕ್ಕಮ್ಮನವರು ಕಣ್ಣಿಗೂ ಕೈಗೂ ನಡುವೆ ಒಂದು ಪ್ರಶ್ನೆಯನ್ನು ನಿಲ್ಲಿಸಿದರು: ಇಂದಿನ ದಾಸೋಹಕ್ಕೆ ಎಷ್ಟು ಬೇಕು? ಗೃಹಸ್ಥರಾದ ನಮಗೆ ಇದಕ್ಕಿಂತ ದೊಡ್ಡ ಕಾವಲು ಬೇರೆ ಬೇಕಾಗಿಲ್ಲ.

ಇನ್ನು ಷಟ್‌ಸ್ಥಲದ ಕಡೆಗೆ ಬರೋಣ. ನಮ್ಮ ಆಚಾರ್ಯರೂ ಶರಣರೂ ಇಂದ್ರಿಯಗಳನ್ನು ಕೊಲ್ಲಬೇಕೆಂದು ಹೇಳಲಿಲ್ಲ. ಒಂದೊಂದು ಇಂದ್ರಿಯಮುಖಕ್ಕೆ ಒಂದೊಂದು ಲಿಂಗವನ್ನು ನೆಲೆಗೊಳಿಸಿದರು. ಮೂಗಿಗೆ ಆಚಾರಲಿಂಗ, ನಾಲಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ. ಈ ಶಿವಲಿಂಗವು ಸಲ್ಲುವುದು ಪ್ರಸಾದಿ ಸ್ಥಲಕ್ಕೆ. ಕಣ್ಣಿನ ವಿಷಯವಾದ ರೂಪವನ್ನು ಶಿವಲಿಂಗಕ್ಕೆ ಅರ್ಪಿಸಿ, ಹಿಂದಿರುಗಿ ಬಂದುದನ್ನು ಪ್ರಸಾದವೆಂದು ಸ್ವೀಕರಿಸಬೇಕೆಂಬುದು ಇದರ ತಾತ್ಪರ್ಯ. ಉಣ್ಣುವ ಅನ್ನಕ್ಕೆ ಮಾತ್ರ ಅರ್ಪಣೆಯೆಂದು ನಾವು ಎಣಿಸಿದ್ದೇವೆ. ನೋಡುವ ನೋಟಕ್ಕೂ ಅರ್ಪಣೆಯುಂಟು ಎಂಬುದನ್ನು ಮರೆತಿದ್ದೇವೆ. ಎಡೆಮಾಡುವ ಮೊದಲು ಅನ್ನಕ್ಕೆ ಬಾಯಿ ಹಾಕದ ಭಕ್ತನು, ಅರ್ಪಿಸುವ ಮೊದಲೇ ಕಣ್ಣಿನಿಂದ ಎಷ್ಟನ್ನು ಉಂಡುಬಿಡುತ್ತಾನೆ!

ಪ್ರಸಾದದ ಲಕ್ಷಣವೇನು? ಅದು ಪಾಲಿಗೆ ಬಂದುದು, ಕಿತ್ತುಕೊಂಡುದಲ್ಲ. ಅಷ್ಟೇ ಏಕೆ ಎಂದು ಪ್ರಸಾದವನ್ನು ಯಾರೂ ಜಗಳವಾಡುವುದಿಲ್ಲ. ಈ ಲಕ್ಷಣವನ್ನು ನೋಟಕ್ಕೆ ಅನ್ವಯಿಸಿದರೆ ಮೂರು ಕುರುಹುಗಳು ದೊರೆಯುತ್ತವೆ. ಪ್ರಸಾದವಾದ ನೋಟವು ನಮ್ಮನ್ನು ತಣಿಸಿ ಮನೆಗೆ ಕಳುಹಿಸುತ್ತದೆ; ಮನೆಯಲ್ಲಿರುವುದನ್ನು ಕಿರಿದುಮಾಡುವುದಿಲ್ಲ. ಎರಡನೆಯದಾಗಿ, ಅದು ಇನ್ನೊಬ್ಬರನ್ನು ಕರೆದು ತೋರಿಸಬೇಕೆನಿಸುತ್ತದೆ. ಬೇಟವು ವಸ್ತುವನ್ನು ತನ್ನೊಬ್ಬನಿಗೇ ಬಯಸುತ್ತದೆ. ನೋಟವು ಹಂಚಿದಷ್ಟೂ ಹೆಚ್ಚುತ್ತದೆ. ಮೂರನೆಯದಾಗಿ, ಅದು ಕಣ್ಣನ್ನು ಅಗಲಗೊಳಿಸುತ್ತದೆ. ವಸ್ತುವನ್ನು ಮಾತ್ರವಲ್ಲದೆ ಅದನ್ನು ಮಾಡಿದವನನ್ನೂ, ಅದರ ಹೊರಗೆ ಉಳಿದವನನ್ನೂ ಕಾಣಿಸುತ್ತದೆ. ಜಿಂಕೆಯ ಮುಂದೆ ನಿಂತಾಗ ನನ್ನಲ್ಲಿದ್ದುದು ನೋಟ. ಶಾಲಿನ ಮುಂದೆ ನಿಂತಾಗ ಮೊದಲನೆಯ ಕುರುಹೇ ತಪ್ಪಿತು. ಮೂರನೆಯದೂ ತಪ್ಪಿತ್ತೆಂಬುದು ಎರಡು ದಿನಗಳ ಮೇಲೆ ತಿಳಿಯಿತು.

ಅಳಿಯನು ಆ ಸಂಜೆ ತೆಗೆದ ಚಿತ್ರಗಳನ್ನು ಮನೆಯಲ್ಲಿ ಎಲ್ಲರಿಗೂ ತೋರಿಸುತ್ತಿದ್ದನು. ಅವುಗಳಲ್ಲಿ ಒಂದು ಶಾಲಿನ ಕಿಟಕಿಯದು. ಗಾಜಿನಲ್ಲಿ ನನ್ನ ಮುಖ ಪ್ರತಿಬಿಂಬಿಸಿತ್ತು. ಅದನ್ನು ನೋಡಿ ನನಗೆ ನಾಚಿಕೆಯಾಯಿತು. ನನ್ನ ಬೆನ್ನ ಹಿಂದೆ, ಬೀದಿಯಂಚಿನ ಗೋಡೆಗೆ ಒರಗಿ, ಕಂಬಳಿ ಹೊದ್ದು ಕಾಗದದ ಬಟ್ಟಲನ್ನು ಮುಂದಿಟ್ಟುಕೊಂಡು ಕುಳಿತ ಒಬ್ಬ ಮನುಷ್ಯನ ಪ್ರತಿಬಿಂಬವೂ ಅಲ್ಲಿತ್ತು. ಆ ದಿನ ನಾನು ಅವನನ್ನು ಕಂಡಿರಲೇ ಇಲ್ಲ. ಅವನ ಮುಂದೆಯೇ ನಡೆದುಹೋಗಿರಬೇಕು. ಹೊದಿಕೆಯನ್ನು ಹೊದ್ದ ಗೊಂಬೆಯನ್ನು ನೋಡುತ್ತ, ಹೊದಿಕೆ ಸಾಲದ ಮನುಷ್ಯನಿಗೆ ಬೆನ್ನು ಕೊಟ್ಟು ನಿಂತಿದ್ದೆನು. ಗಾಜು ಅವನನ್ನು ನನಗೆ ತೋರಿಸುತ್ತಲೇ ಇತ್ತು. ನೋಡಬೇಕಾದ ಕಣ್ಣು ಬೇರೆ ಕೆಲಸದಲ್ಲಿ ತೊಡಗಿತ್ತು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ‘ನೋಟವನ್ನು ಲಿಂಗಕ್ಕೆ ಅರ್ಪಿಸಿದೆನೆಂದು ಹೇಳಿ ವೈಭವವನ್ನು ನೋಡುತ್ತ ಸುಖಪಡುವುದು ಒಂದು ಸುಲಭದ ಸಮಾಧಾನವಲ್ಲವೆ? ಹಸಿದವನು ಪಕ್ಕದಲ್ಲಿರುವಾಗ ಇಂಥ ಕಿಟಕಿಯನ್ನು ನೋಡಲೇಬಾರದು’ ಎಂದು ನಿಷ್ಠುರರಾದವರು ಹೇಳಬಹುದು. ಈ ಮಾತಿನಲ್ಲಿ ತೂಕವಿದೆ. ಅರ್ಪಣೆಯು ನಾಲಗೆಯ ಮಾತಾಗಿ ಉಳಿದರೆ ಅದು ಬೇಟಕ್ಕೆ ತೊಡಿಸಿದ ಕಾವಿಯೇ ಸರಿ. ಆದರೆ ನೋಡದಿದ್ದ ಮಾತ್ರಕ್ಕೆ ಹಸಿದವನ ಹೊಟ್ಟೆ ತುಂಬುವುದಿಲ್ಲ. ಆ ಬೀದಿಗೆ ಬಂದವರಲ್ಲಿ ಕೂಲಿಯಿಂದ ಬದುಕುವವರೂ ಇದ್ದರು. ಒಳಗೆ ಕಾಲಿಡಲಾರದ ತಾಯಿಯೊಬ್ಬಳು ಮಗುವನ್ನು ಎತ್ತಿ ಹಿಡಿದು ಜಿಂಕೆಯನ್ನು ತೋರಿಸುತ್ತಿದ್ದಳು. ಅವಳ ಆ ಸಂತೋಷವನ್ನು ತಪ್ಪೆನ್ನಲು ನಾವು ಯಾರು? ಕಾಸಿಲ್ಲದವನಿಗೂ ದಕ್ಕುವ ಚೆಲುವನ್ನು ಬೀದಿಯಲ್ಲಿಡುವುದು ಒಂದು ಬಗೆಯ ಉಪಕಾರವೇ. ನಮ್ಮ ಜಾತ್ರೆಯ ತೇರನ್ನೂ ಬಡವ ಬಲ್ಲಿದರೆನ್ನದೆ ಎಲ್ಲರೂ ನೋಡುತ್ತಾರೆ. ಆದರೆ ತೇರಿಗೆ ಹಗ್ಗವುಂಟು. ನೋಡಿದವನೇ ಕೈಹಚ್ಚಿ ಎಳೆಯುತ್ತಾನೆ, ಬಳಿಕ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾನೆ. ಗಾಜಿನ ಕಿಟಕಿಗೆ ಹಗ್ಗವೂ ಇಲ್ಲ, ಪಂಕ್ತಿಯೂ ಇಲ್ಲ. ಅದರ ಕೊರತೆಯಿರುವುದು ಇಲ್ಲಿ. ಆ ಕೊರತೆಯನ್ನು ತುಂಬುವ ಹೊಣೆ ನೋಡಿದವನದು. ನೋಡಿ ಸಂತೋಷಪಟ್ಟವನು ಆ ಸಂತೋಷಕ್ಕೆ ತಕ್ಕ ದಾಸೋಹವನ್ನು ಮಾಡಿದರೆ ಅರ್ಪಣೆ ಪೂರ್ಣವಾಗುತ್ತದೆ.

ಆ ಗಾಜಿನ ಹಿಂದಣ ಕಾಯಕವನ್ನೂ ಮರೆಯಬಾರದು. ಕೆಲವು ವಾರಗಳ ನೋಟಕ್ಕಾಗಿ ಬಡಗಿಗಳು, ಬಣ್ಣಗಾರರು, ಹೊಲಿಗೆಯವರು, ದೀಪದ ಕೆಲಸದವರು ತಿಂಗಳುಗಟ್ಟಲೆ ದುಡಿಯುತ್ತಾರೆ. ಲಾರ್ಡ್ ಅಂಡ್ ಟೇಲರಿನಲ್ಲಿ ಕಿಟಕಿಯ ನೆಲವನ್ನೇ ಯಂತ್ರದಿಂದ ನೆಲಮಾಳಿಗೆಗೆ ಇಳಿಸಿ, ಅಲ್ಲಿ ಸಿಂಗಾರವನ್ನು ಮುಗಿಸಿ, ಮತ್ತೆ ಬೀದಿಯ ಮಟ್ಟಕ್ಕೆ ಏರಿಸುತ್ತಿದ್ದರು. ಬೆಳಕಿನಲ್ಲಿ ನಿಂತು ನೋಡಿದವರಿಗೆ ನೆಲದಡಿಯ ಕೈಗಳು ಕಾಣುತ್ತಿರಲಿಲ್ಲ. ಹೊಸ ವರ್ಷ ಬಂದೊಡನೆ ಎಲ್ಲವನ್ನೂ ಕಳಚುತ್ತಾರೆ. ನಾನು ಕಂಡ ಸ್ಯಾಕ್ಸ್ ಕಟ್ಟಡದ ದೀಪದಾಟವು ಮರುವರ್ಷ, ೨೦೨೪ರಲ್ಲಿ, ನಡೆಯಲೇ ಇಲ್ಲ. ವೈಭವದ ಆಯುಷ್ಯವೆಷ್ಟೆಂಬುದನ್ನು ವೈಭವವೇ ಹೇಳುತ್ತದೆ.

ಆ ಕಟ್ಟಡಕ್ಕೆ ಎದುರಾಗಿರುವ ಮರದ ಕಥೆ ಇದಕ್ಕಿಂತ ಹಿತವಾದುದು. ೧೯೩೧ರಲ್ಲಿ, ದೇಶವು ಆರ್ಥಿಕ ಮುಗ್ಗಟ್ಟಿನಲ್ಲಿ ಬಳಲುತ್ತಿದ್ದಾಗ, ರಾಕ್‌ಫೆಲ್ಲರ್ ಸೆಂಟರನ್ನು ಕಟ್ಟುತ್ತಿದ್ದ ಕೂಲಿಕಾರರು ತಮ್ಮೊಳಗೆ ಹಣ ಕೂಡಿಸಿ ಸುಮಾರು ೨೦ ಅಡಿಯ ಒಂದು ಮರವನ್ನು ತಂದು, ಅಗೆದ ಮಣ್ಣಿನ ನಡುವೆ ನಿಲ್ಲಿಸಿದರು. ಮನೆಯವರು ಕೈಯಿಂದ ಮಾಡಿದ ಮಾಲೆಗಳನ್ನು ಅದಕ್ಕೆ ತೊಡಿಸಿದರು. ಆ ಮರದ ಬಳಿಯೇ ಸಾಲುನಿಂತು ಕೂಲಿಯನ್ನು ಪಡೆದರು. ಅದು ಏನನ್ನೂ ಮಾರಲಿಲ್ಲ, ಯಾರನ್ನೂ ಕರುಬಿಸಲಿಲ್ಲ. ದುಡಿದವರು ದುಡಿದ ಜಾಗದಲ್ಲಿ ತಮ್ಮ ಸಂತೋಷಕ್ಕೆ ತಾವೇ ನಿಲ್ಲಿಸಿಕೊಂಡ ಗುರುತು ಅದು. ಈಗಿನ ಮರ ಬಹು ದೊಡ್ಡದು, ಆಡಂಬರವೂ ದೊಡ್ಡದು. ಆದರೆ ೨೦೦೭ರಿಂದ ಈಚೆಗೆ ಹಬ್ಬ ಮುಗಿದ ಮೇಲೆ ಆ ಮರವನ್ನು ಕೊಯ್ದು, ಬಡವರಿಗೆ ಮನೆ ಕಟ್ಟುವ ಸಂಸ್ಥೆಯೊಂದಕ್ಕೆ ಹಲಗೆಯನ್ನು ಕೊಡುವ ಪದ್ಧತಿ ಬೆಳೆದಿದೆ. ಜನರು ಕಣ್ಣಾರೆ ಕಂಡ ಚೆಲುವು ಕಡೆಗೆ ಯಾರದೋ ಮನೆಯ ಮರಮುಟ್ಟಾಗುತ್ತದೆ. ಕಾಯಕದಿಂದ ಹುಟ್ಟಿ ದಾಸೋಹದಲ್ಲಿ ಮುಗಿಯುವ ನೋಟಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಆ ಬೀದಿಯಲ್ಲಿ ನನಗೆ ಕಾಣಲಿಲ್ಲ. ಶರಣರ ಹೆಸರನ್ನು ಕೇಳಿರದ ನಾಡಿನಲ್ಲಿಯೂ ಶರಣರ ನಡೆ ಅಲ್ಲಲ್ಲಿ ಕಾಣಿಸಿಕೊಳ್ಳುವುದುಂಟು.

ಓದುಗರಲ್ಲಿ ಹೆಚ್ಚಿನವರು ಆ ಬೀದಿಯನ್ನು ನೋಡಿರಲಾರರು, ನೋಡಬೇಕಾದುದೂ ಇಲ್ಲ. ಏಕೆಂದರೆ ಆ ಕಿಟಕಿಯೇ ಈಗ ನಮ್ಮ ಮನೆಗೆ ಬಂದಿದೆ. ಕೈಯಲ್ಲಿ ಹಿಡಿಯುವ ಮೊಬೈಲು ಫೋನು ಒಂದು ಅಂಗೈಯಗಲದ ಗಾಜಿನ ಕಿಟಕಿ. ಸೆಲ್ಫ್‌ರಿಜ್‌ನ ದೀಪದಂತೆ ಅದೂ ರಾತ್ರಿಯಲ್ಲಿ ಆರುವುದಿಲ್ಲ. ಸೀರೆ, ಒಡವೆ, ಕಾರು, ಅನ್ಯರ ಮನೆಯ ಮದುವೆ, ಅನ್ಯರ ಮಕ್ಕಳ ಏಳಿಗೆ ಎಲ್ಲವೂ ಅದರ ಹಿಂದೆ ಸಿಂಗರಿಸಿ ನಿಂತಿವೆ. ಗಾಜಿನಾಚೆಯ ಊಟದ ಮನೆಯನ್ನು ಕಂಡು ನನ್ನ ಮೊಮ್ಮಗಳು ಒಂದು ಸಂಜೆ ಕೇಳಿದ ಪ್ರಶ್ನೆಯನ್ನು ನಾವು ದಿನಕ್ಕೆ ಹತ್ತು ಸಲ, ಬಾಯಿಬಿಡದೆ, ಕೇಳಿಕೊಳ್ಳುತ್ತಿದ್ದೇವೆ: ನಮ್ಮ ಮನೆ ಏಕೆ ಹಾಗಿಲ್ಲ?

ಇದೇ ಅಂಗೈಯಲ್ಲಿ ಇಷ್ಟಲಿಂಗವನ್ನು ಇಟ್ಟು, ಅದರಲ್ಲಿ ದೃಷ್ಟಿಯನ್ನು ನಿಲ್ಲಿಸಿ ಪೂಜಿಸುವ ಭಾಗ್ಯವನ್ನು ಗುರುವು ನಮಗೆ ಕರುಣಿಸಿದ್ದಾನೆ. ಇಷ್ಟಲಿಂಗಪೂಜೆಯೂ ಒಂದು ನೋಟವೇ ಅಲ್ಲವೆ? ಆದರೆ ಅಲ್ಲಿ ನಡುವೆ ಗಾಜಿಲ್ಲ. ನೋಡುವ ವಸ್ತು ದೂರವಿಲ್ಲ, ಪರರದಲ್ಲ, ಕೊಳ್ಳತಕ್ಕುದಲ್ಲ. ಬಡವನ ಅಂಗೈಯಲ್ಲಿರುವ ಲಿಂಗಕ್ಕೂ ಸಿರಿವಂತನ ಅಂಗೈಯಲ್ಲಿರುವ ಲಿಂಗಕ್ಕೂ ಹೆಚ್ಚುಕಡಿಮೆಯಿಲ್ಲ. ಕಂತೆಯ ಕಪ್ಪಿನಲ್ಲಿ ಯಾವ ಸಿಂಗಾರವೂ ಇಲ್ಲ. ನೋಡಿದಷ್ಟೂ ಕಣ್ಣು ಒಳಕ್ಕೆ ತಿರುಗುತ್ತದೆ. ದಿನಕ್ಕೆ ಅರ್ಧ ಗಳಿಗೆ ಹೀಗೆ ಬೇಡದೆ ನೋಡುವುದನ್ನು ಕಲಿತ ಕಣ್ಣು, ಬೀದಿಗೆ ಹೋದಾಗಲೂ ಬೇಡದೆ ನೋಡಬಲ್ಲುದು. ಈ ಅಭ್ಯಾಸವಿಲ್ಲದ ಕಣ್ಣಿಗೆ ಉಪದೇಶವೊಂದರಿಂದಲೇ ಕಾವಲು ದೊರೆಯದು; ಎಪ್ಪತ್ತು ವರ್ಷ ಉಪದೇಶವನ್ನು ಕೇಳಿದ ನಾನೇ ಅದಕ್ಕೆ ಸಾಕ್ಷಿ.

ಆದುದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಚೆಲುವಾದುದನ್ನು ನೋಡುವುದು ದೋಷವಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು. ತೋರಿಸುವಾಗ, ಇದನ್ನು ಯಾರು ಮಾಡಿರಬಹುದೆಂದು ಅವರೊಡನೆ ಮಾತಾಡಬೇಕು. ಎಷ್ಟು ಬೆಲೆಯೆಂದು ಅಲ್ಲ. ಹಿಂದಿರುಗುವ ಮೊದಲು ಸುತ್ತಲೂ ಒಮ್ಮೆ ನೋಡಬೇಕು. ಬೆನ್ನ ಹಿಂದೆ ಯಾರಿದ್ದಾರೆಂದು ತಿಳಿಯಬೇಕು. ಕೈಲಾದಷ್ಟನ್ನು ಅಲ್ಲಿಯೇ ಸಲ್ಲಿಸಿ ಬರಬೇಕು. ಮನೆಗೆ ಬಂದ ಬಳಿಕ ಮನೆ ಕಿರಿದಾಗಿ ಕಂಡರೆ, ಆ ದಿನ ನೋಡಿದುದು ನೋಟವಲ್ಲವೆಂದು ತಿಳಿದು, ಲಕ್ಕಮ್ಮನವರ ಮಾತನ್ನು ನೆನೆದು, ಮಿಕ್ಕುದನ್ನು ತಂದಲ್ಲಿಯೇ ಸುರಿದುಬಿಡಬೇಕು.

ಚಿತ್ರವನ್ನು ಕಂಡ ಮರುದಿನ ನಾನು ಮಗಳನ್ನು ಕೇಳಿಕೊಂಡು, ಮನೆಯಲ್ಲಿದ್ದ ಎರಡು ಹೊಸ ಕಂಬಳಿಗಳೊಡನೆ ಮತ್ತೆ ಆ ಬೀದಿಗೆ ಹೋದೆನು. ಆ ಮನುಷ್ಯನು ಅಲ್ಲಿರಲಿಲ್ಲ. ಬೇರೊಬ್ಬರಿಗೆ ಅವನ್ನು ಕೊಟ್ಟು ಬಂದೆವು. ಕೊಟ್ಟುದರಿಂದ ಋಣ ತೀರಿತೆಂದು ನನಗನಿಸಲಿಲ್ಲ. ಕಾಣದೆ ಬಿಟ್ಟವನನ್ನು ಕಾಣದೆಯೇ ಉಳಿದೆನಲ್ಲ ಎಂಬ ಕೊರಗು ಇಂದಿಗೂ ಇದೆ. ಶಾಲಿನ ಕಿಟಕಿಯ ಮುಂದೆ ಆ ದಿನವೂ ಹಾದುಹೋದೆವು. ಶಾಲು ಮೊದಲಿನಂತೆಯೇ ಚೆಲುವಾಗಿತ್ತು. ನೋಡಿದೆನು, ಮುಂದೆ ನಡೆದೆನು. ಮೈಮೇಲಿನ ಕೋಟು ಬೆಚ್ಚಗಿತ್ತು.

ಕಣ್ಣುಳ್ಳವರಿಗೆಲ್ಲ ಕಾಣುವ ಬುದ್ಧಿಯನ್ನೂ, ಕಂಡವರಿಗೆಲ್ಲ ಕೊಡುವ ಕೈಯನ್ನೂ ಪರಶಿವನು ಕರುಣಿಸಲಿ.